ಮೊದಲ ಐದು ನಡೆ

ಶಾಲಾ ಮಕ್ಕಳ ಯಾವುದೇ ಚೆಸ್ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿ ಈ ದೃಶ್ಯ ತಪ್ಪದು. ಗಡಿಯಾರ ಒತ್ತಿ ಐದು ನಿಮಿಷವಾಗಿರುವುದಿಲ್ಲ, ಹುಡುಗನೊಬ್ಬ ಸಪ್ಪೆ ಮುಖ ಹೊತ್ತು ಹೊರಗೆ ಬರುತ್ತಾನೆ. ಅವನ ಆಟ ನಾಲ್ಕೇ ನಡೆಗೆ ಮುಗಿದಿದೆ. ಎದುರಾಳಿ ರಾಜನ ಮುಂದಿನ ಪದಾತಿಯನ್ನು ಎರಡು ಮನೆ ನಡೆಸಿದ, ಒಂಟೆಯನ್ನು ಸಿ4ಕ್ಕೆ ತಂದ, ಮಂತ್ರಿಯನ್ನು ಎಚ್5ಕ್ಕೆ ನುಗ್ಗಿಸಿದ, ಎಫ್7ರ ಪದಾತಿಯನ್ನು ಹೊಡೆದು ‘ಚೆಕ್‌ಮೇಟ್’ ಎಂದ. ಸೋತ ಹುಡುಗ ಮನೆಗೆ ಹೋಗಿ ಬೋರ್ಡನ್ನು ಅಟ್ಟಕ್ಕೆ ಸೇರಿಸಿದರೆ ಅಚ್ಚರಿಯೇನಿಲ್ಲ. ಹಾಗೆ ಆಟ ಬಿಟ್ಟವರು ಕಡಿಮೆಯಿಲ್ಲ.

ಬಿಳಿಯ ಕಡೆ ಕುಳಿತವರಿಗೆ ಎಡದಿಂದ ಬಲಕ್ಕೆ ಎ ಯಿಂದ ಎಚ್ ವರೆಗೆ ಎಂಟು ಕಂಬಸಾಲು, ಕೆಳಗಿನಿಂದ ಮೇಲಕ್ಕೆ 1ರಿಂದ 8. ಈ ಲೆಕ್ಕದಲ್ಲಿ ಎಫ್7 ಎಂದರೆ ಕಪ್ಪು ರಾಜನ ಮಗ್ಗುಲಿನ ಪದಾತಿಯ ಮನೆ. ಆಟ ಶುರುವಾದಾಗ ಅದನ್ನು ಕಾಯಲು ರಾಜನೊಬ್ಬನ ಹೊರತು ಯಾರೂ ಇಲ್ಲ. ಕೋಟೆಗೆ ಹಿತ್ತಿಲ ಬಾಗಿಲಿದ್ದಂತೆ.

ಮದ್ದು ಸುಲಭ. ಕಪ್ಪು ಪದಾತಿ ಇ5ರಲ್ಲಿದೆ, ಕುದುರೆ ಸಿ6ಕ್ಕೆ ಬಂದು ಅದನ್ನು ಕಾಯುತ್ತಿದೆ ಎನ್ನಿ. ಬಿಳಿಯ ಮಂತ್ರಿ ಎಚ್5ಕ್ಕೆ ಬಂದೊಡನೆ ಪದಾತಿಯನ್ನು ಜಿ6ಕ್ಕೆ ಒಂದು ಮನೆ ದೂಡಿದರೆ ಸಾಕು, ಮಂತ್ರಿ ಓಡಲೇಬೇಕು. ಅದು ಎಫ್3ಕ್ಕೆ ಹೋಗಿ ಮತ್ತೆ ಗುರಿಯಿಟ್ಟರೆ ಇನ್ನೊಂದು ಕುದುರೆ ಎಫ್6ಕ್ಕೆ ಹಾರಿ ದಾರಿ ಮುಚ್ಚುತ್ತದೆ. ಈಗ ಕಪ್ಪಿನ ಎರಡೂ ಕುದುರೆ ರಣರಂಗದಲ್ಲಿವೆ. ಬಿಳಿಯ ಮಂತ್ರಿ ಎರಡು ನಡೆ ಅಲೆದು ಏನನ್ನೂ ಗಳಿಸಿಲ್ಲ.

ಆದರೆ ಬರೀ ಬಾಯಿಪಾಠ ಮಾಡಿದವನು ಇಲ್ಲೂ ಸಿಕ್ಕಿಬೀಳುತ್ತಾನೆ. ಒಂಟೆಗೆ ಕಾಯದೆ ಮಂತ್ರಿ ಎರಡನೆಯ ನಡೆಗೇ ಎಚ್5ಕ್ಕೆ ಬಂದರೆ? ‘ಮಂತ್ರಿ ಬಂದರೆ ಜಿ6’ ಎಂದು ಉರು ಹೊಡೆದವನು ಥಟ್ಟನೆ ಪದಾತಿ ದೂಡುತ್ತಾನೆ. ಮಂತ್ರಿ ಇ5ರ ಪದಾತಿಯನ್ನು ಹೊಡೆದು ರಾಜನಿಗೆ ಚೆಕ್ ಕೊಡುತ್ತದೆ, ಓರೆಯಲ್ಲಿ ಮೂಲೆಯ ಆನೆಯನ್ನೂ ಹಿಡಿಯುತ್ತದೆ. ಆನೆ ಹೋಯಿತು. ಅಲ್ಲಿ ಆಡಬೇಕಾದದ್ದು ಮೊದಲು ಕುದುರೆ, ಆಮೇಲೆ ಜಿ6. ನಡೆ ಅದೇ, ಕಾರಣ ಗೊತ್ತಿಲ್ಲದಿದ್ದರೆ ಅದೇ ಉರುಳು.

ಹೊಸಬರಿಗೆ ಮೊದಲ ಪಾಠವಾಗಿ ‘ಇಟಾಲಿಯನ್ ಆಟ’ವೇ ಒಳ್ಳೆಯದು. ಹದಿನೇಳನೆಯ ಶತಮಾನದ ಇಟಲಿಯ ಗ್ರೆಕೊ ಬರೆದಿಟ್ಟ ಆಟಗಳಲ್ಲೂ ಅದಿದೆ, ಇಂದಿನ ಗ್ರಾಂಡ್‌ಮಾಸ್ಟರುಗಳೂ ಆಡುತ್ತಾರೆ. ಪದಾತಿ ಇ4ಕ್ಕೆ: ನಡುಮನೆ ಹಿಡಿದಂತಾಯಿತು, ಒಂಟೆಗೂ ಮಂತ್ರಿಗೂ ದಾರಿ ಬಿಟ್ಟಂತಾಯಿತು. ಕಪ್ಪು ಇ5 ಎಂದರೆ ಕುದುರೆ ಎಫ್3ಕ್ಕೆ, ಆ ಪದಾತಿಯ ಮೇಲೆ ಕಣ್ಣು. ಇದೇ ಕುದುರೆಯನ್ನು ಅಂಚಿನ ಎಚ್3ಕ್ಕೆ ಇಟ್ಟರೆ ಅದಕ್ಕೆ ನಾಲ್ಕೇ ಮನೆ. ಎಫ್3ರಲ್ಲಿ ಎಂಟು ಮನೆಯ ಮೇಲೆ ಹಿಡಿತ. ಕಪ್ಪು ಕುದುರೆ ಸಿ6ಕ್ಕೆ ಬಂದು ಪದಾತಿಯನ್ನು ಕಾಯುತ್ತದೆ. ಬಿಳಿಯ ಒಂಟೆ ಸಿ4ಕ್ಕೆ ಬಂದು ಅದೇ ಹಿತ್ತಿಲ ಬಾಗಿಲನ್ನು ನೋಡುತ್ತದೆ. ಇನ್ನು ಕ್ಯಾಸ್ಲಿಂಗ್: ರಾಜ ಮೂಲೆಗೆ, ಆನೆ ನಡುವಿನತ್ತ. ಐದನೆಯದಾಗಿ ಡಿ ಸಾಲಿನ ಪದಾತಿ ಒಂದು ಮನೆ ಮುಂದೆ, ಇನ್ನೊಂದು ಒಂಟೆಗೂ ದಾರಿ. ಮಂತ್ರಿ ಇನ್ನೂ ಮನೆಯಲ್ಲೇ ಇದೆ. ಅದಕ್ಕೆ ಆತುರವಿಲ್ಲ.

ಅಜ್ಜಂದಿರ ಬಳಿ ಚದುರಂಗ ಕಲಿತವರಿಗೆ ಈ ಆತುರವೆಲ್ಲ ವಿಚಿತ್ರವೆನಿಸಬಹುದು. ನಮ್ಮ ಹಳೆಯ ಆಟದಲ್ಲಿ ಪದಾತಿಗೆ ಮೊದಲ ನಡೆಯಲ್ಲೂ ಒಂದೇ ಮನೆ. ಕ್ಯಾಸ್ಲಿಂಗ್ ಇಲ್ಲ, ಬದಲಿಗೆ ರಾಜ ಒಮ್ಮೆ ಕುದುರೆಯಂತೆ ಹಾರಬಹುದಿತ್ತು. ಸೈನ್ಯಗಳು ಎದುರಾಗುವುದೇ ನಿಧಾನ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಬೆಳೆದದ್ದು ಆ ಆಟದಲ್ಲಿ. ಒಡೆಯ ಉಮರ್ ಹಯಾತ್ ಖಾನರ ಜೊತೆ 1929ರಲ್ಲಿ ಇಂಗ್ಲೆಂಡಿಗೆ ಹೋದಾಗ ಯೂರೋಪಿನ ಆರಂಭಗಳ ಪರಿಚಯ ಅವರಿಗೆ ತೀರ ಕಡಿಮೆ. ಆದರೂ ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು, 1932 ಮತ್ತು 1933ರಲ್ಲಿ ಮತ್ತೆ. 1930-31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾರನ್ನೇ ಸೋಲಿಸಿದರು. ಆರಂಭದಲ್ಲಿ ಇಕ್ಕಟ್ಟಿಗೆ ಸಿಲುಕಿ, ನಡು ಆಟದಲ್ಲಿ, ಕೊನೆಯಾಟದಲ್ಲಿ ಪಟ್ಟು ಹಿಡಿದು ಗೆಲ್ಲುವುದು ಅವರ ಆಟದ ರೀತಿಯಾಗಿತ್ತು. ಗೌರವ ಗ್ರಾಂಡ್‌ಮಾಸ್ಟರ್ ಪದವಿ ಬಂದದ್ದು ಮಾತ್ರ 2024ರಲ್ಲಿ, ಅವರು ತೀರಿ ಅರ್ಧ ಶತಮಾನ ದಾಟಿದ ಮೇಲೆ! ಸುಲ್ತಾನ್ ಖಾನರೇ ಪುಸ್ತಕವಿಲ್ಲದೆ ಗೆದ್ದರಲ್ಲ ಎಂದು ವಾದಿಸುವವರಿದ್ದಾರೆ. ಅಂಥ ಕೊನೆಯಾಟ ಕೈಯಲ್ಲಿದ್ದವರು ಧಾರಾಳವಾಗಿ ವಾದಿಸಲಿ.

ಉಳಿದವರು ಸಿಸಿಲಿಯನ್, ಕಿಂಗ್ಸ್ ಇಂಡಿಯನ್ ಎಂಬ ದಪ್ಪ ಪುಸ್ತಕಗಳನ್ನು ಒಂದು ವರ್ಷ ಮುಟ್ಟದಿದ್ದರೆ ನಷ್ಟವೇನಿಲ್ಲ. ಹದಿನೈದು ನಡೆ ಒಪ್ಪಿಸುವ ಮಗನನ್ನು ಕಂಡು ಬೀಗುವ ತಂದೆಯರು, ಎದುರಾಳಿ ಮೂರನೆಯ ನಡೆಗೇ ದಾರಿ ತಪ್ಪಿಸಿದಾಗ ಅವನ ಮುಖವನ್ನೂ ಒಮ್ಮೆ ನೋಡಬೇಕು. ಅದಕ್ಕಿಂತ ಎರಡು ರೂಲಿನ ನೋಟ್‌ಬುಕ್ಕಿನಲ್ಲಿ ಪ್ರತಿ ಆಟವನ್ನೂ ಬರೆದಿಟ್ಟು, ಮೊದಲ ಹತ್ತು ನಡೆಗಳಲ್ಲಿ ‘ಇದನ್ನು ಏಕೆ ಆಡಿದೆ’ ಎಂಬ ಪ್ರಶ್ನೆಗೆ ಉತ್ತರ ಸಿಗದ ನಡೆಯ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದರೆ, ಮುಂದಿನ ಭಾನುವಾರದ ಪಾಠ ಸಿದ್ಧ.