ಸೌಂಡ್ ಕಮ್ಮಿ ಮಾಡು ಅಂದ್ರೆ, ಯಾವ ಸೌಂಡು?

ಹೋದ ತಿಂಗಳು ಒಂದು ರಾತ್ರಿ ನಮ್ಮತ್ತೆ ಬಚ್ಚಲಲ್ಲಿ ಜಾರಿ ಕೂತ್ಕೊಂಡು, ಮೊಮ್ಮಗನ್ನ ಕೂಗ್ತಾನೇ ಇದ್ರು. ಪಕ್ಕದ ರೂಮಲ್ಲೇ ಇದ್ದೋನಿಗೆ ಕೇಳಿಲ್ಲ. ಹೆಡ್‌ಫೋನ್ ಹಾಕ್ಕೊಂಡು ಕೌಂಟರ್ ಸ್ಟ್ರೈಕ್ ಆಡ್ತಿದ್ದ. ತೊಂಡೇಬಾವಿ ಸ್ಟೇಷನ್ನಲ್ಲಿ ರೈಲು ಕೂಗಿದ್ರೂ ಅವನಿಗೆ ಕೇಳ್ತಿರಲಿಲ್ಲ ಬಿಡಿ.

ಸೌಂಡ್ ಕಮ್ಮಿ ಮಾಡೋ ಅಂತ ಬೈದೆ. "ಕಮ್ಮಿ ಮಾಡಿದ್ರೆ ಎದುರಿನೋರ ಹೆಜ್ಜೆ ಸಪ್ಪಳ ಕೇಳಲ್ಲಮ್ಮ, ಸತ್ತೋಗ್ತೀನಿ" ಅಂದ. ಮ್ಯೂಸಿಕ್ಕು ಆ ಸಪ್ಪಳಾನ ಮುಚ್ಚಾಕ್ತೈತೆ ಅಂತ ಎಲ್ಲಾನೂ ಜೋರು ಇಟ್ಟವ್ನೆ. ಬಸ್ಸಾರಿಗೆ ಉಪ್ಪು ಸಾಲ್ದು ಅಂತ ಖಾರ, ಹುಳಿ ಎಲ್ಲಾನೂ ಸುರಿದಂಗೆ!

ಆಮೇಲೆ ಅವನೇ ತೋರಿಸ್ದ. ಆಟೋಎಕ್ಸೆಕ್ ಅಂತ ಒಂದು ಫೈಲು. ನೋಟ್‌ಪ್ಯಾಡಲ್ಲಿ ನಾವು ಹಾಲಿನ ಲೆಕ್ಕ ಬರ್ದಂಗೆ ಸಾಲು ಸಾಲಾಗಿ ಬರೀಬೋದು. ಮೆನು ಮ್ಯೂಸಿಕ್ಕಿಗೊಂದು ಸಾಲು, ರೌಂಡ್ ಶುರುವಾಗೋ ಮ್ಯೂಸಿಕ್ಕಿಗೊಂದು, ಕೊನೇ 10 ಸೆಕೆಂಡಿನ ಎಚ್ಚರಿಕೆಗೊಂದು. 0 ಅಂದ್ರೆ ಮೌನ, 1 ಅಂದ್ರೆ ಪೂರ್ತಿ. ಮಿಕ್ಕಿದ್ದೆಲ್ಲ 0 ಮಾಡಿ, ಎಚ್ಚರಿಕೆ ಒಂದನ್ನ 0.2ಕ್ಕೆ ಇಟ್ಕೊಂಡ. ಈಗ ಒಟ್ಟು ಸೌಂಡು ಅರ್ಧಕ್ಕೆ ಇಳಿಸಿದ್ರೂ ಹೆಜ್ಜೆ ಕೇಳ್ತೈತಂತೆ.

ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ದೊಡ್ಡೋರ ಕಿವಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆ ಸಾಕು, ಮಕ್ಕಳಿಗಾದ್ರೆ 75. ಆದ್ರೆ ಹುಡುಗ್ರಿಗೆ ಡೆಸಿಬೆಲ್ ಹೇಳಿದ್ರೆ ಆಗಲ್ಲ. ನಾವು ಬಾಗ್ಲಲ್ಲಿ ನಿಂತು ಕೂಗೋದು ಬಿಟ್ಟು, ಪಕ್ಕ ಕೂತು, ನಿಂಗೆ ಯಾವ ಸೌಂಡು ಬೇಕು, ಯಾವ್ದು ಬೇಡ ಅಂತ ಕೇಳ್ಬೇಕು. ನಾನು ಆರು ವರ್ಷ ಕೂಗಿದ್ದು ದಂಡ.

ನಮ್ಮತ್ತೆಗೆ ಮಾತ್ರ ಇನ್ನೂ ನಂಬಿಕೆ ಇಲ್ಲ. ಬಚ್ಚಲಿಗೆ ಹೋಗೋವಾಗ ಬಡಿಯೋಕೆ ಅಂತ ಒಂದು ಸ್ಟೀಲ್ ತಟ್ಟೆ ಹಿಡ್ಕೊಂಡೇ ಹೋಗ್ತಾರೆ.