ವಾಲ್ವ್ ಕೆಟ್ಟಿಲ್ಲ, ಬರೇ ಸಿಕ್ಕೊಂಡದ

ಇವತ್ತು ಅಡಗಿ ವಿಷಯ ಇಲ್ಲರೀ, ಇವತ್ತು ಜಗಳ ಅದ. ನಿಮ್ಮ ಜೋಡಿ ಅಲ್ಲ, "ಹಳೇದಂದ್ರ ಕೆಟ್ಟದ್ದು" ಅನ್ನಾವ್ರ ಜೋಡಿ.

ಮಗಳ ಬಾಣಂತನಕ್ಕ ನಾ ಇಂಗ್ಲೆಂಡಿಗೆ ಹೋಗಿದ್ದು ನಿಮಗೆಲ್ಲಾ ಗೊತ್ತದ. ಅವರದು ಸಾಲಾ ಮಾಡಿ ತಗೊಂಡ ಹಳೇ ಮನಿ. ಅಲ್ಲಿ ಬಾಯ್ಲರಿನಾಗ ಕಾದ ನೀರು ಪೈಪಿನೊಳಗ ಹಾಯ್ದು ಖೋಲಿಖೋಲಿಗೂ ಬರ್ತದ. ಗ್ವಾಡಿಗೆ ಹಚ್ಚಿದ ರೇಡಿಯೇಟರ್ ಕಾದು ಖೋಲಿ ಬೆಚ್ಚಗಾಗ್ತದ. ನವೆಂಬರದಾಗ ಥಂಡಿ ಹತ್ತಿದಾಗ ಎಲ್ಲಾ ಖೋಲಿ ಬೆಚ್ಚಗಾದ್ವು, ಕೂಸಿನ ಖೋಲಿ ಮಾತ್ರ ಥಣ್ಣಗ. ಹದಿನೈದು ದಿನದ ಕೂಸು!

ರಿಪೇರಿಯವ ಬಂದ, ಬಾಗಲದಾಗ ನಿಂತು ನೋಡಿದ, "ಹಳೇ ವಾಲ್ವು, ಇಡೀ ಮನೀವು ಬದಲಸ್ರಿ" ಅಂದು ಹೋದ. ಒಂದನ್ನೂ ಮುಟ್ಟಿ ನೋಡ್ಲಿಲ್ಲ. ಜ್ವರ ಒಬ್ಬರಿಗೆ, ಇಂಜೆಕ್ಷನ್ ಮನಿಮಂದಿಗೆಲ್ಲಾ! ಅಳಿಯಂದಿರು ರೊಕ್ಕದ ಲೆಕ್ಕಾ ಹಾಕ್ಲಿಕ್ಕೆ ಕೂತ್ರು. "ನಾ ಒಮ್ಮೆ ನೋಡ್ತೀನಿ" ಅಂದ್ರ ಮಗಳು, "ಅಮ್ಮಾ, ಅದು ಗಂಡಸರ ಕೆಲಸ, ಸುಮ್ಮನಿರು" ಅಂದ್ಲು.

ಹೌದೇನ್ರೀ? ಮೂವತ್ತು ವರ್ಷ ಸ್ಟೋಕ್ಕ ಪಿನ್ನಾ ಹಾಕಿದವರು ಯಾರು? ನಳಕ್ಕ ವಾಶರ್ ಹಾಕಿದವರು ಯಾರು? ಕುಕ್ಕರಿನ ಸೀಟ್ಯಾಗ ಬ್ಯಾಳಿ ಸಿಕ್ಕೊಂಡ್ರ ಕುಕ್ಕರನ್ನ ಒಗದು ಬಿಡ್ತೀವೇನು?

ಮೊದಲು ಗುರುತು ಹಿಡೀರಿ. ರೇಡಿಯೇಟರಿನ ಕೆಳಗ ಎರಡೂ ತುದಿಗೆ ಒಂದೊಂದು ವಾಲ್ವ್ ಇರ್ತದ. ಬರೇ ಚಕ್ರದಂಥಾ ಹಿಡಿಕಿ ಇದ್ದು, ಮ್ಯಾಲೆ ಅಂಕಿ ಇಲ್ಲಂದ್ರ ಅದು ನಮ್ಮ ನಳದಂಥಾದ್ದು, ತಗೀಬೇಕು, ಮುಚ್ಚಬೇಕು. 1ರಿಂದ 5ರ ತನಕ ಅಂಕಿ, ಹಿಮದ ಚಿತ್ರ ಇದ್ರ ಅದು ಥರ್ಮೋಸ್ಟಾಟಿಕ್ ವಾಲ್ವ್. ಇನ್ನೊಂದು ತುದಿಗೆ ಬರೇ ಟೊಪಿಗಿ ಹಾಕಿದ್ದು ಲಾಕ್‌ಶೀಲ್ಡ್. ಎಲ್ಲಾ ಖೋಲಿಗೂ ನೀರು ಸರಿಯಾಗಿ ಹಂಚಲಿ ಅಂತ ಅದನ್ನ ಹದಾ ಮಾಡಿಟ್ಟಿರ್ತಾರ. ಅದನ್ನ ಸುಮ್ಮಸುಮ್ಮನ ತಿರುವಬ್ಯಾಡ್ರಿ. ತಿರುವಲೇಬೇಕಾದ್ರ ಎಷ್ಟು ಸುತ್ತು ಅಂತ ಬರದಿಟ್ಕೋರಿ.

ಕೂಸಿನ ಖೋಲ್ಯಾಗಿದ್ದದ್ದು ಅಂಕಿ ಇರೋ ವಾಲ್ವ್. ಅದರ ತಲಿಯೊಳಗ ಮೇಣ ಇಲ್ಲಾ ದ್ರವ ಇರ್ತದ. ಖೋಲಿ ಬೆಚ್ಚಗಾದ್ರ ಅದು ಹಿಗ್ಗಿ ಕೆಳಗಿನ ಸಣ್ಣ ಪಿನ್ನನ್ನ ಒತ್ತಿ ನೀರು ನಿಲ್ಲಸ್ತದ. ಥಣ್ಣಗಾದ್ರ ಪಿನ್ ತಾನ ಮ್ಯಾಲೆ ಬರ್ತದ. ಬ್ಯಾಸಗಿ ತುಂಬಾ ಮುಚ್ಚಿಟ್ಟಾಗ ಪಿನ್ ಒತ್ತಿದಲ್ಲೇ ಸಿಕ್ಕೊಂಡು ಬಿಡ್ತದ. ಅಷ್ಟ!

ನಾ ಏನು ಮಾಡಿದೆ ಅಂದ್ರ, ಕೆಳಗ ಹಳೇ ಟಾವೆಲ್ ಹಾಸಿ, 5ಕ್ಕ ತಿರುವಿ, ಕುತ್ತಿಗಿ ಬಳೀ ಸಡಲಿಸಿ ತಲೀ ತಗದೆ. ಪಿನ್ ಒಳಗ ಕೂತಿತ್ತು. ಪಾನಾದ ಚಪ್ಪಟಿ ಬದಿಯಿಂದ ಮೆಲ್ಲಕ ಬಡದು, ಒತ್ತಿ, ಬಿಟ್ಟೆ. ನಾಕನೇ ಸಲಕ್ಕ ಟಕ್ ಅಂತ ಜಿಗದು ಮ್ಯಾಲೆ ಬಂತು. ಅರ್ಧ ತಾಸಿನಾಗ ರೇಡಿಯೇಟರ್ ಬೆಚ್ಚಗ! ಆದ್ರ ಇಕ್ಕಳದಿಂದ ಪಿನ್ನನ್ನ ಜಗ್ಗಬ್ಯಾಡ್ರಿ, ಕಿತ್ತು ಬಂದ್ರ ನೀರು ಮಾರೀ ಮ್ಯಾಲೆ. ಬಾಯ್ಲರಿಗಂತೂ ಕೈ ಹಚ್ಚಲೇಬ್ಯಾಡ್ರಿ, ಗ್ಯಾಸಿನ ಕೆಲಸಕ್ಕ ಅಲ್ಲಿ ಗ್ಯಾಸ್ ಸೇಫ್ ನೋಂದಣಿ ಇದ್ದವರೇ ಬೇಕು.

ಹಳೇದೆಲ್ಲಾ ತಲೀ ಮ್ಯಾಲೆ ಹೊತ್ಕೊಂಡು ಕೂಡ್ರಿ ಅನ್ನೂದಿಲ್ಲ ನಾ. ಎಷ್ಟು ಬಡದ್ರೂ ಪಿನ್ ಏಳಲಿಲ್ಲ, ನಟ್ಟು ಬಿಗದ್ರೂ ನೀರು ಸೋರ್ತದ ಅಂದ್ರ ಬದಲಸ್ರಿ, ಆದ್ರ ಅದೊಂದನ್ನ. ಚಕ್ರದ ವಾಲ್ವಿಗೆ ಖೋಲಿ ಬೆಚ್ಚಗಾದದ್ದು ತಿಳಿಯೂದಿಲ್ಲ, ಸುಮ್ಮನ ಕಾಯ್ತಾನ ಇರ್ತದ. ಅಂಥಾವನ್ನ ಮುಂದ ಯಾವಾಗರೆ ಪೈಪಿನ ನೀರು ಖಾಲಿ ಮಾಡಿದಾಗ ಬದಲಸಿದ್ರ ಆತು.

ಮತ್ತ ಎರಡು ಮಾತು. 5ಕ್ಕ ಇಟ್ರ ಲಗೂನ ಕಾಯೂದಿಲ್ಲ, ಅಂಕಿ ಅಂದ್ರ ಎಲ್ಲಿಗೆ ನಿಲ್ಲಬೇಕು ಅನ್ನೂದು. 3 ಅಂದ್ರ ಸುಮಾರು 20 ಡಿಗ್ರಿ. ವಾಲ್ವಿನ ಮ್ಯಾಲೆ ಪರದೆ ಇಳಿಬಿಟ್ರ ಅಲ್ಲೇ ಬಿಸಿ ಕಟ್ಕೊಂಡು, ಖೋಲಿ ಬೆಚ್ಚಗಾತು ಅಂತ ಅದು ಮೋಸ ಹೋಗ್ತದ.

ಮಗಳು ಈಗ ಬ್ಯಾಸಗಿ ಬಂದ ಕೂಡ್ಲೇ ಎಲ್ಲಾ ವಾಲ್ವನ್ನೂ 5ಕ್ಕ ತಗದಿಡ್ತಾಳ, ಪಿನ್ ಸಿಕ್ಕೋಬಾರದು ಅಂತ. ನಿಮ್ಮ ಪೈಕಿ ಬಾಣಂತನಕ್ಕ ಆ ಕಡೆ ಹೊಂಟಾವ್ರು ಭಾಳ ಮಂದಿ ಇದ್ದೀರಿ. ಮೆಂತ್ಯದ ಹಿಟ್ಟು, ಅಂಟಿನುಂಡಿ ಜೋಡಿ ಇದನ್ನೂ ತಲ್ಯಾಗ ಇಟ್ಕೊಂಡು ಹೋಗ್ರಿ. ಬದಲಸ್ರಿ ಅನ್ನಾವಗ ಮೊದಲು ಇಷ್ಟ ಕೇಳ್ರಿ: "ತಲೀ ತಗದು ನೋಡಿದ್ಯೇನಪಾ?"