ಪೆಟ್ಟಿಗೆಯ ಮೇಲಿನ ವ್ಯಾಟುಗಳು

ಸ್ಪೀಕರ್ ಕೊಳ್ಳಹೋದವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ "ಎಷ್ಟು ವ್ಯಾಟ್?" ಎಂಬುದು. ಅದು ಮೊದಲು ಕೇಳಬೇಕಾದ ಪ್ರಶ್ನೆಯೇ ಅಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಚಂದಾ ಎತ್ತಿ ಊರಿನ ಶಾಲೆಗೋ ದೇವಸ್ಥಾನಕ್ಕೋ ಧ್ವನಿವರ್ಧಕ ಕೊಡಿಸಬೇಕೆಂದಿರುವ ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಸ್ಪೀಕರಿನ ಮೇಲೆ ಬರೆದ ವ್ಯಾಟ್ ಶಬ್ದದ ಅಳತೆಯಲ್ಲ. ಅದು ಸುಟ್ಟುಹೋಗದೆ ಎಷ್ಟು ವಿದ್ಯುತ್ ಶಕ್ತಿಯನ್ನು ತಾಳಿಕೊಳ್ಳಬಲ್ಲದೆಂಬುದರ ಸೂಚನೆ, ಅಷ್ಟೆ. ಎತ್ತು ಎಷ್ಟು ಮೇವು ತಿನ್ನುತ್ತದೆಂದು ತಿಳಿದ ಮಾತ್ರಕ್ಕೆ ಎಷ್ಟು ಹೊಲ ಉಳುತ್ತದೆಂದು ತಿಳಿದಂತಾಯಿತೆ? 1990ರ ದಶಕದ ಟೇಪ್ ರೆಕಾರ್ಡರುಗಳ ಮೇಲೆ ರಾರಾಜಿಸುತ್ತಿದ್ದ ಪಿ.ಎಂ.ಪಿ.ಓ. ಸಂಖ್ಯೆಯಂತೂ ಬರಿಯ ಆಡಂಬರ. ಅದನ್ನು ಅಳೆಯಲು ಸರ್ವಸಮ್ಮತವಾದ ವಿಧಾನವೇ ಇಲ್ಲ. ನಿರಂತರವಾಗಿ ತಾಳಬಲ್ಲ ಶಕ್ತಿಯನ್ನು ತಿಳಿಸುವ ಆರ್.ಎಂ.ಎಸ್. ಸಂಖ್ಯೆಗೆ ಮಾತ್ರ ಸ್ವಲ್ಪ ಬೆಲೆ ಕೊಡಬಹುದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಮನೆಬಳಕೆಯ ಆಂಪ್ಲಿಫೈಯರುಗಳ ವ್ಯಾಟನ್ನು ಹೇಗೆ ಅಳೆದು ಹೇಳಬೇಕೆಂದು 1974ರಲ್ಲಿಯೇ ನಿಯಮ ಮಾಡಿತು.

ನಿಜವಾಗಿ ಕೇಳಬೇಕಾದದ್ದು ಸೆನ್ಸಿಟಿವಿಟಿ. 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್ ಬರುತ್ತದೆಂಬುದೇ ಅದು. ಶಕ್ತಿಯನ್ನು ಇಮ್ಮಡಿಗೊಳಿಸಿದರೂ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಆದ್ದರಿಂದ 90 ಡೆಸಿಬೆಲಿನ ಸ್ಪೀಕರ್ 10 ವ್ಯಾಟಿನಲ್ಲಿ ಹೊರಡಿಸುವಷ್ಟೇ ಸದ್ದಿಗೆ 84 ಡೆಸಿಬೆಲಿನ ಸ್ಪೀಕರಿಗೆ 40 ವ್ಯಾಟ್ ಬೇಕಾಗುತ್ತದೆ. ಆಂಪ್ಲಿಫೈಯರಿಗೆ ತೆರುವ ಹಣ ಹೆಚ್ಚುವುದು ಇಲ್ಲಿಯೇ.

ಓಮ್ ಎಷ್ಟೆಂದು ಕೇಳುವವರು ವಿರಳ. 8 ಓಮಿನ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದರೆ 4 ಓಮ್, ನಾಲ್ಕನ್ನು ಜೋಡಿಸಿದರೆ 2 ಓಮ್. (ಕಪ್ಪುಹಲಗೆಯ ಮೇಲೆ ಈ ಲೆಕ್ಕವನ್ನು ಎಷ್ಟು ಸಲ ಮಾಡಿಸಿದ್ದೇನೆಂದು ನಿಮಗೆ ನೆನಪಿರಬಹುದು!) ಓಮ್ ಇಳಿದಂತೆ ಆಂಪ್ಲಿಫೈಯರಿನಿಂದ ಹರಿಯುವ ವಿದ್ಯುತ್ ಹೆಚ್ಚಿ ಅದು ಕಾಯುತ್ತದೆ. ಉತ್ಸವದ ನಡುವೆ ಅದು ಕೈಕೊಟ್ಟರೆ ಹಲವೊಮ್ಮೆ ಇಂತಹ ಜೋಡಣೆಯೇ ಕಾರಣ.

ಇನ್ನು ಒಳಗಿನ ಭಾಗಗಳು. ದೊಡ್ಡ ವೂಫರ್ ಮಂದ್ರ ಸ್ವರಗಳಿಗೆ, ಪುಟ್ಟ ಟ್ವೀಟರ್ ತಾರ ಸ್ವರಗಳಿಗೆ. ಇವೆರಡಕ್ಕೂ ಪಾಲು ಹಂಚುವುದು ಕ್ರಾಸ್‌ಓವರ್. ಜನರು ಮರುಳಾಗುವುದು ಎದೆ ನಡುಗಿಸುವ ವೂಫರಿಗೆ. ಆದರೆ "ಸ" ಮತ್ತು "ಶ"ಗಳ ಭೇದ ಕಿವಿಗೆ ತಿಳಿಯುವುದು ಮೇಲಿನ ಕಂಪನಾಂಕಗಳಲ್ಲಿ. ಬರಿಯ ಗುಡುಗುವ ಪೆಟ್ಟಿಗೆಯನ್ನು ಶಾಲೆಗೆ ಕೊಟ್ಟರೆ ಪ್ರಾರ್ಥನೆಯ ರಾಗ ಕೇಳಿಸೀತು, ಪಾಠದ ಮಾತು ತಿಳಿಯದು.

ಆದ್ದರಿಂದ ಅಂಗಡಿಯವನು ಹಾಕುವ ಸಿನಿಮಾ ಹಾಡನ್ನು ನಿಲ್ಲಿಸಲು ಹೇಳಿ, ಜೊತೆಗೆ ಬಂದವರಿಂದ ಮೈಕಿನಲ್ಲಿ ಒಂದು ಪುಟ ಓದಿಸಿರಿ. ತರಗತಿಯ ಕೊನೆಯ ಬೆಂಚಿನಷ್ಟು ದೂರ ನಿಂತು ಕೇಳಿರಿ. ಬೆಲೆಯ ಮಾತು ಅನಂತರ.